ಸುಕ್ಕುಸಂಹಾರಿಯ ಸ್ವೆಟರ್ ಪರೀಕ್ಷೆ

ನಮ್ಮ ಬೀದಿಯ ತಿರುವಿನಲ್ಲಿ ಲಾಂಡ್ರಿ ಇಟ್ಟಿರುವ ಸುಕ್ಕುಸಂಹಾರಿಗೆ ಆ ಬಿರುದು ಕೊಟ್ಟವನು ನಾನೇ. ಇಸ್ತ್ರಿಪೆಟ್ಟಿಗೆ ಹಿಡಿದು ಆತ ಮೇಜಿನ ಮುಂದೆ ನಿಂತರೆ ಎಂಥ ಹಠಮಾರಿ ಸುಕ್ಕೂ ಶರಣಾಗತ. ಇಂಥ ವೀರ ಎದುರು ಸಾಲಿನ ಗುಂಡಿ-ದಾರದ ಅಂಗಡಿಯಾಕೆಯ ಮುಂದೆ ಮಾತ್ರ ಒದ್ದೆ ಕರವಸ್ತ್ರ. ಆಕೆ ವಿಧವೆ, ಮಾತು ಕತ್ತರಿಯಷ್ಟು ಹರಿತ. ಈತ ತಲೆ ನರೆತ ಬ್ರಹ್ಮಚಾರಿ. ಆಕೆಯನ್ನು ಮದುವೆಗೆ ಕೇಳಲೋ ಬೇಡವೋ ಎಂದು ದೇವರ ಚಿತ್ತಕ್ಕಾಗಿ ಕಾದು ಕಾದು ವರ್ಷಗಳೇ ಕಳೆದಿದ್ದವು.

"ಚರ್ಚಿಗೆ ಹೋಗೋನಾಗಿ ಮೀನಮೇಷ ಎಣಿಸ್ತೀಯಲ್ಲೋ" ಎಂದು ಅವನ ಅಕ್ಕ ಛೇಡಿಸುತ್ತಿದ್ದಳು.

ಒಂದು ಭಾನುವಾರ ಪಾಸ್ಟರು ಹಳೇ ಕಾಲದ ಒಬ್ಬ ಅಂಜುಬುರುಕನ ಕಥೆ ಹೇಳಿದರು. ಯುದ್ಧಕ್ಕೆ ಹೊರಡುವ ಮುಂಚೆ ಆತ ಕುರಿಯ ಉಣ್ಣೆಯನ್ನು ಕಣದಲ್ಲಿಟ್ಟು, ಬೆಳಗಾಗುವಾಗ ಉಣ್ಣೆ ಮಾತ್ರ ಇಬ್ಬನಿಯಲ್ಲಿ ನೆನೆದು ನೆಲ ಒಣಗಿದ್ದರೆ ದೇವರು ತನ್ನ ಜೊತೆಗಿದ್ದಾನೆಂದು ನಂಬುವೆ ಎಂದನಂತೆ. ಸುಕ್ಕುಸಂಹಾರಿಯ ಮುಖ ಅರಳಿತು. ಉಣ್ಣೆಯೆಂದರೆ ತನ್ನ ಕಸುಬಿನ ಭಾಷೆ. ಅಂಗಡಿಯಲ್ಲಿದ್ದ ಒಂದೇ ಒಂದು ಉಣ್ಣೆ ಬಟ್ಟೆ, ಗಿರಾಕಿಯ ನೀಲಿ ಸ್ವೆಟರು. ಅದನ್ನೇ ಅಂದು ಸಂಜೆ ಹಿತ್ತಲ ಕಲ್ಲಿನ ಮೇಲೆ ಹರಡಿ, ಪ್ರಾರ್ಥಿಸಿ ಮಲಗಿದ.

ಬೆಳಿಗ್ಗೆ ನೋಡಿದರೆ ಕಲ್ಲು ಬರಿದು. ಸ್ವೆಟರು ಮೇಜಿನ ಮೇಲೆ ಅಚ್ಚುಕಟ್ಟಾಗಿ ಮಡಿಸಿಕೊಂಡು ಬೆಚ್ಚಗೆ ಕೂತಿತ್ತು.

"ಅಕ್ಕಾ, ಇದು ಒದ್ದೆ ಇತ್ತಾ?"

"ಯಾರಿಗ್ಗೊತ್ತು. ಹೊರಗೆ ಬಿದ್ದಿತ್ತು, ಒಳಗೆ ತಂದು ಇಸ್ತ್ರಿ ಹಾಕ್ದೆ. ಈ ಮನೇಲಿ ಬಟ್ಟೆ ಕಂಡ್ರೆ ಕೈ ಸುಮ್ನಿರುತ್ತಾ?"

"ದೇವರ ಉತ್ತರಕ್ಕೇ ಇಸ್ತ್ರಿ ಹಾಕ್ಬಿಟ್ಯಲ್ಲಕ್ಕಾ."

ಆತ ಪಾಸ್ಟರ ಮನೆಗೆ ಓಡಿದ. ಅವರು ನಗು ತಡೆದುಕೊಂಡು ಎಲ್ಲ ಕೇಳಿದರು, ಜೊತೆಗೆ ಪ್ರಾರ್ಥಿಸಿದರು. ಆಮೇಲೆ ಹೇಳಿದರು: "ಅಲ್ಲಪ್ಪಾ, ಮದುವೆ ಆಗೋದು ಇಬ್ಬರು. ದೇವರು ನಿನ್ನೊಬ್ಬನ ಹತ್ರಾನೇ ಮಾತಾಡ್ತಾನೆ ಅಂತ ಯಾರು ಹೇಳಿದ್ರು? ಮಂಡಿ ಇರೋದು ಊರೋಕಷ್ಟೇ ಅಲ್ಲ, ಎದ್ದು ನಡೆಯೋಕೂ. ಹೋಗಿ ಕೇಳು."

ಹಿಂದಿರುಗಿದರೆ ಅಂಗಡಿಯಲ್ಲಿ ಗುಂಡಿಯಾಕೆಯೇ ನಿಂತಿದ್ದಾಳೆ. "ನನ್ನ ಸ್ವೆಟರ್ ಆಯ್ತಾ?"

ನೀಲಿ ಸ್ವೆಟರು ಆಕೆಯದೇ. ಸಿಕ್ಕಿಬಿದ್ದ ವೀರ ಇಬ್ಬನಿ, ಕಲ್ಲು, ಅಕ್ಕ ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದ. ಅದೇ ಭರದಲ್ಲಿ ಮದುವೆಯ ಮಾತನ್ನೂ ಕೇಳಿಬಿಟ್ಟ.

"ಇದರಲ್ಲಿ ಯಾವತ್ತಾದ್ರೂ ಕೊಳೆ ಕಂಡಿದ್ರಾ?" ಎಂದಳು ಆಕೆ.

"ಇಲ್ಲ."

"ಒಗೆದು ಕೊಟ್ಟಿದ್ದನ್ನೇ ವಾರ ವಾರ ತಿರುಗಿ ತಂದು ಕೊಡ್ತಿದ್ದೆ, ಉರಿ ಬೇಸಿಗೇಲೂ. ಉಣ್ಣೇಲಿ ಗುರುತು ಬೇಕಂತೆ, ಗುರುತು."

"ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲ ಹುಡುಕಿದ್ರಂತೆ" ಎಂದು ಒಳಗಿನಿಂದ ಅಕ್ಕನ ದನಿ ಬಂತು.

"ನಾನೂ ಪ್ರಾರ್ಥನೆ ಮಾಡ್ತಿದ್ದೆ ಕಣ್ರೀ" ಎಂದಳು ಆಕೆ, ಈಗ ಸ್ವಲ್ಪ ಮೆಲ್ಲಗೆ. "ಸ್ವಾಮಿ, ಈ ಮನುಷ್ಯನ ಬಾಯಿ ಬಿಡಿಸು, ಸ್ವೆಟರ್ ಸವೆದು ಹೋಗ್ತಿದೆ ಅಂತ. ನಂದು ಒಪ್ಪಿಗೆ."

ಮದುವೆಯ ದಿನ ಮದುಮಗನ ಕೋಟಿನ ಬೆನ್ನಿನಲ್ಲಿ ಒಂದು ಭಾರೀ ಸುಕ್ಕಿತ್ತು. ಸಂತೋಷದಲ್ಲಿ ಇಸ್ತ್ರಿ ಹಾಕುವುದನ್ನೇ ಮರೆತಿದ್ದ. ಮುಂದಿನ ಸಾಲಿನಲ್ಲಿ ಕೂತ ಅಕ್ಕನ ಕೈ ತುರಿಸುತ್ತಲೇ ಇತ್ತು. ಏಳಹೊರಟವಳನ್ನು ಪಾಸ್ಟರು ಕಣ್ಣಲ್ಲೇ ಗದರಿ ಕೂರಿಸಿದರು.