ಹನ್ನೆರಡನೆಯ ತಂತಿ

ವೈನಿ, ವಸಂತಣ್ಣ ತಮ್ಮ ಅಜಾಗರೂಕತೆಯಿಂದ ಸಾಯಲಿಲ್ಲ. ನಾನು ಹೇಳಿದ ಸುಳ್ಳನ್ನು ನಂಬಿ ಸತ್ತರು. ನಿಮ್ಮೆದುರು ಕೂತು ಇದನ್ನು ಹೇಳಲು ಇಷ್ಟು ವರ್ಷ ಬಾಯಿ ಬಿಡಲಾಗಲಿಲ್ಲ — ಬರೆಯುತ್ತಿದ್ದೇನೆ.

ತೊಂಬತ್ತಾರರ ಆ ಬೇಸಿಗೆಯ ಮಧ್ಯಾಹ್ನ, ಅಹಮದಾಬಾದಿನ ಹೊರಗಿನ ನಮ್ಮ ಪ್ರಯೋಗಶಾಲೆಯಲ್ಲಿ, ನೀವು ಕಟ್ಟಿಕೊಟ್ಟ ರೊಟ್ಟಿಯನ್ನು ಇಬ್ಬರೂ ತಿಂದೆವು. "ನಿನ್ನ ಲಗ್ನ ಆಗೂತನಕಾ ನಿಮ್ಮ ವೈನಿ ರೊಟ್ಟೀನ ಗತಿ, ತಿನ್ನಲೇ" ಎಂದು ವಸಂತಣ್ಣ ನಕ್ಕರು.

ನಮ್ಮ ಕೆಲಸ ಏನಿತ್ತೆಂದು ನಿಮಗೆ ಯಾರೂ ಬಿಡಿಸಿ ಹೇಳಿರಲಿಕ್ಕಿಲ್ಲ. ಹನ್ನೆರಡು ಕೆಪ್ಯಾಸಿಟರ್ ಪೆಟ್ಟಿಗೆಗಳಲ್ಲಿ ವಿದ್ಯುತ್ತನ್ನು ನಿಧಾನವಾಗಿ ತುಂಬಿಸಿ, ತಾಮ್ರದ ಸುರುಳಿಗಳ ಮೂಲಕ ಕ್ಷಣಮಾತ್ರದ ಒಂದೇ ಏಟಾಗಿ ಬಿಡುವುದು. ಅಂದು ಸುರುಳಿಯೊಂದು ಸುಟ್ಟಿತ್ತು. ಬದಲಿಸಲೆಂದು ಪೆಟ್ಟಿಗೆಗಳನ್ನು ಬಿಡಿಬಿಡಿಯಾಗಿ ಕಳಚಿದ್ದೆವು. ಖಾಲಿ ಮಾಡಿದ ಪೆಟ್ಟಿಗೆಯಲ್ಲೂ ಸ್ವಲ್ಪ ಹೊತ್ತಿಗೆ ವಿದ್ಯುತ್ತು ತಾನಾಗಿ ಮರಳುತ್ತದೆ. ಅದಕ್ಕೇ ಪ್ರತಿಯೊಂದರ ಎರಡೂ ತುದಿಗಳನ್ನು ಸೇರಿಸಿ ತಂತಿ ಬಿಗಿದಿಡಬೇಕು — ಇದನ್ನು ನನಗೆ ಕಲಿಸಿದ್ದೇ ಅವರು.

ಹನ್ನೊಂದು ಪೆಟ್ಟಿಗೆಗೆ ಬಿಗಿದಿದ್ದೆ. ಕೊನೆಯ ತಂತಿಯ ಕ್ಲಿಪ್ಪು ಮುರಿದಿತ್ತು. ಸ್ಟೋರಿನಿಂದ ಬೇರೆಯದು ತರಬೇಕು, ಆ ಬಿಸಿಲಲ್ಲಿ — ಊಟದ ಮೇಲೆ ಹೋದರಾಯಿತು ಎಂದುಕೊಂಡೆ. ಊಟವಾಯಿತು. ಹೋಗಲಿಲ್ಲ.

"ಎಲ್ಲಾಕ್ಕೂ ತಂತಿ ಹಾಕೀಯಿಲ್ಲೋ?"

"ಹಾಕೀನ್ರಿ ಅಣ್ಣಾ."

ಅವರು ಪೆಟ್ಟಿಗೆಗಳ ಸುತ್ತಲಿನ ಜಾಲರಿಯ ಬಾಗಿಲು ತೆಗೆದು ಒಳಗೆ ಹೋದರು. ಕೂಗಿದ್ದು ಕೂಡ ಕೇಳಲಿಲ್ಲ, ವೈನಿ. ಅವರ ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ನೆಲಕ್ಕೆ ಬಿದ್ದ ಸದ್ದಷ್ಟೇ —

ವಿಚಾರಣೆಗೆ ಬಂದ ಸಾಹೇಬರು ನೆಲದ ಮೇಲಿದ್ದ ಆ ಹನ್ನೆರಡನೆಯ ತಂತಿಯನ್ನು ತೋರಿಸಿ, "ಯೇ ತಾರ್ ಕಿಸ್ನೇ ನಿಕಾಲಾ?" ಎಂದರು. ಯಾರೂ ತೆಗೆದಿಲ್ಲ, ನಾನು ಹಾಕಿಯೇ ಇರಲಿಲ್ಲ ಎನ್ನಬಹುದಿತ್ತು. "ಉನ್ಹೋಂನೇ ನಿಕಾಲಾ ಹೋಗಾ" ಎಂದೆ. ಅವರೇ ತೆಗೆದಿರಬೇಕು — ಉತ್ತರ ಕೊಡಲಾರದವರ ಮೇಲೆ ಹಾಕಿದೆ. ವರದಿಯಲ್ಲೂ ಹಾಗೇ ಬಂತು.

ಹದಿಮೂರನೆಯ ದಿನ ನೀವು ಅಂದಿರಿ: "ಊರಿಗೆಲ್ಲಾ ಬುದ್ಧಿ ಹೇಳಾವ್ರು ತಾವ ಹಿಂಗ ಮಾಡ್ಕೊಂಡ್ರಲ್ಲಪಾ. ನನ್ನ ನೆನಪರ ಬರಬಾರದಿತ್ತಾ ಅವ್ರಿಗೆ?"

ನಾನು ತಲೆ ತಗ್ಗಿಸಿ ಪಾಯಸ ಉಂಡೆ.

ನೀವು ಸೂರತ್‌ಗೆ, ತಮ್ಮನ ಮನೆಗೆ ಹೋದಮೇಲೂ ಪ್ರತಿ ವರ್ಷ ಶ್ರಾದ್ಧಕ್ಕೆ ಬಂದೆ. ಪ್ರತಿ ಸಲವೂ ನೀವು ಅವರನ್ನು ಬೈದು ಅತ್ತಿರಿ. ನಾನು ಕೇಳಿಸಿಕೊಂಡು, ರಾತ್ರಿಯ ರೈಲು ಹಿಡಿದು ವಾಪಸಾದೆ.

ಈ ಕಾಗದದ ಇನ್ನೊಂದು ಪ್ರತಿಯನ್ನು ಪ್ರಯೋಗಶಾಲೆಯ ಕಚೇರಿಗೆ ಕಳಿಸಿದ್ದೇನೆ. ಅವರು ಏನು ಮಾಡುವರೋ ತಿಳಿಯದು. ನಿಮ್ಮಲ್ಲಿ ಕ್ಷಮೆ ಕೇಳುವ ಮುಖ ನನಗಿಲ್ಲ. ವಸಂತಣ್ಣ ಒಳಗೆ ಕಾಲಿಡುವ ಮುನ್ನ ನನ್ನನ್ನು ಕೇಳಿದ್ದರು ಎಂಬ ಒಂದು ಸಾಲು ಆ ವರದಿಯಲ್ಲಿ ಇವತ್ತಿಗೂ ಇಲ್ಲ.