ಅಕ್ಕನ ಶೆಡ್ಡಿನಲ್ಲಿ ಗಂಧಕ ಹುಡುಕಿದ್ದು

ಜೋರಾಪುರ ಪೇಟೆಯ ಕಿರಾಣಿ ಅಂಗಡಿಯವನು ನನ್ನನ್ನು ದೂರದಿಂದ ಕಂಡರೇ ಮುಖ ಹುಳ್ಳಗೆ ಮಾಡುತ್ತಾನೆ. ಮೇಲಿನ ಜೋಳ ನೋಡಿ ಕೊಳ್ಳುವ ಹೆಂಗಸು ನಾನಲ್ಲ. ಮೊಣಕೈವರೆಗೆ ಕೈ ಇಳಿಸಿ ಚೀಲದ ತಳದ ಕಾಳು ತೆಗೆದು ನೋಡುತ್ತೇನೆ. ‘ಸಾವಯವ’ ಎಂದು ಹಸಿರು ಚೀಟಿ ಹಚ್ಚಿದ ಬೆಲ್ಲ ಕಂಡರಂತೂ ಸಂಶಯ ಇನ್ನೂ ಹೆಚ್ಚು. ಚೀಟಿ ಹಚ್ಚಿದವರು ಯಾರು, ಹಚ್ಚಿದವರನ್ನು ಹೋಗಿ ನೋಡಿದವರು ಯಾರು?

ಅಂಥ ನಾನೇ ಒಂದು ದಿನ ಹೋಗಿ ನೋಡುವವಳಾದೆ. ನಾವಿರುವುದು ಜಲನಗರದಲ್ಲಿ, ನಮ್ಮ ದ್ರಾಕ್ಷಿ ತೋಟ ಇರುವುದು ತಿಕೋಟಾದಲ್ಲಿ. ನನ್ನ ಅಕ್ಕನನ್ನು ಬಬಲೇಶ್ವರಕ್ಕೆ ಕೊಟ್ಟಿದೆ. ಅವಳಿಗೂ ಅಲ್ಲಿ ತೋಟವಿದೆ. ಇಬ್ಬರೂ ಹಣ್ಣನ್ನು ಶೆಡ್ಡಿನಲ್ಲಿ ಒಣಗಿಸಿ ಒಣದ್ರಾಕ್ಷಿ ಮಾಡುತ್ತೇವೆ. ಸಾವಯವ ಪ್ರಮಾಣಪತ್ರಕ್ಕಾಗಿ ಎರಡೂ ಕಡೆಯ ರೈತರು ಗುಂಪು ಕಟ್ಟಿದಾಗ ನಾವೂ ಸೇರಿದೆವು. ಮೊದಲ ಸಭೆಗೆ ಬಂದ ಅಧಿಕಾರಿ, “ನಾವು ಹೊಲಕ್ಕ ಬರೂದು ಅಪರೂಪರಿ. ನೀವ ಒಬ್ಬರದೊಬ್ಬರು ನೋಡಿ ಸಹಿ ಹಾಕಬೇಕು. ನೀವ ಸರಕಾರದ ಕಣ್ಣು” ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಬೀಗರೂ ನೆಂಟರೂ ಒಬ್ಬರ ಹೊಲ ಒಬ್ಬರು ನೋಡಿದರೆ ಕಣ್ಣಿಗೆ ಏನು ಬಿದ್ದೀತು ಎಂದು ನನಗೆ ಕಸಿವಿಸಿ.

ಕುಲಾಂತರಿ ಬೀಜ ಬಳಸಿದ್ದೀರಾ ಎಂಬ ಪ್ರಶ್ನೆಯೂ ಫಾರ್ಮಿನಲ್ಲಿತ್ತು. ಎಲ್ಲರೂ ‘ಇಲ್ಲ’ ಎಂದು ಬರೆದರು. ನಾನು ಎದ್ದು ನಿಂತೆ. “ಎಮ್ಮಿಗೆ ಹಾಕೂ ಹತ್ತಿಕಾಳು ಬಿಟಿ ಹತ್ತೀದ ಅಲ್ಲೇನ್ರಿ? ಆ ಎಮ್ಮಿ ಸಗಣಿನ ಗೊಬ್ಬರಾಗಿ ತ್ವಾಟಕ್ಕ ಹೋಗತೈತಲ್ಲ?”

ಅಧಿಕಾರಿ ಗಡಿಯಾರ ನೋಡಿಕೊಂಡರು. “ಅದು ಫಾರ್ಮಿನಾಗ ಇಲ್ಲರಿ ಅಕ್ಕಾರ.”

ಆ ಉತ್ತರ ನನಗೆ ಇವತ್ತಿಗೂ ಅರಗಿಲ್ಲ.

ತಪಾಸಣೆಗೆಂದು ನನ್ನ ಪಾಲಿಗೆ ಬಂದದ್ದು ಅಕ್ಕನ ತೋಟ. ನಮ್ಮ ಕಡೆ ಯಾರ ಮನೆಗೇ ಹೋಗಲಿ, ಉಣ್ಣಿಸದೆ ಕಳಿಸುವುದಿಲ್ಲ. ಉಂಡ ಮನೆಯ ಜಂತೆ ಎಣಿಸಬಾರದು ಎಂಬ ಗಾದೆಯೂ ನಮ್ಮದೇ. ಗುಂಪಿನ ಉಳಿದವರ ತಪಾಸಣೆ ನಡೆಯುತ್ತಿದ್ದುದು ಹೀಗೆ: ಹೋದರು, ಗಡದ್ದಾಗಿ ಹೋಳಿಗೆ ಉಂಡರು, ಕೈ ತೊಳೆದ ಜಾಗದಲ್ಲೇ ಸಹಿ ಹಾಕಿದರು. ನಾನು ಜಂತೆ ಎಣಿಸಲೆಂದೇ ಹೊರಟವಳು. ಎರಡು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಸ್ ಹತ್ತಿದೆ.

ಅಕ್ಕ ಬದನೆಕಾಯಿ ಎಣ್ಣೆಗಾಯಿ ಮಾಡಿ ಕಾದಿದ್ದಳು. ನನ್ನ ಗಂಟು ನೋಡಿ, “ನನ್ನ ಮನಿಗೆ ಬಂದು ಬುತ್ತಿ ಬಿಚ್ಚತೀಯೇನ?” ಎಂದಳು.

“ಇವತ್ತ ನಾ ನಿನ್ನ ತಂಗಿ ಆಗಿ ಬಂದಿಲ್ಲ” ಎಂದೆ. ಎಂಥ ಮಾತಾಡಿದೆ! ನೆನೆದರೆ ನಾಚಿಕೆಯಾಗುತ್ತದೆ.

ಅವಳ ಒಣದ್ರಾಕ್ಷಿ ಬಂಗಾರದ ಬಣ್ಣಕ್ಕಿತ್ತು. ಗಂಧಕದ ಹೊಗೆ ಕೊಟ್ಟರೆ ಹಾಗೆ ಬಣ್ಣ ಬರುತ್ತದೆ, ಆದರೆ ಸಾವಯವದಲ್ಲಿ ಆ ಹೊಗೆ ಕೊಡುವಂತಿಲ್ಲ. ನನ್ನದು ಪ್ರತಿವರ್ಷ ಕಂದು ಬಣ್ಣಕ್ಕೇ ತಿರುಗುತ್ತಿತ್ತು. ಹೊಟ್ಟೆಕಿಚ್ಚು ಎನ್ನುತ್ತೀರಾ, ಅನ್ನಿ. ಶೆಡ್ಡಿನ ನೆಲ ಮೂಸಿದೆ, ಖಾಲಿ ಚೀಲ ಜಾಡಿಸಿದೆ, ಮೇವಿನ ಬಣವೆಯ ಹಿಂದೆ ಇಣುಕಿದೆ. ಅಕ್ಕ ಕಂಬಕ್ಕೊರಗಿ ನೋಡುತ್ತ ನಿಂತಿದ್ದಳು. “ನೆಳ್ಳಾಗ ಒಣಗಿಸೇನಿ. ಬಿಸಲು ಸರದಂಗ ಪರದೆ ಸರಸತೇನಿ. ಅಷ್ಟ” ಎಂದಳು. ನನಗೆ ಏನೂ ಸಿಗಲಿಲ್ಲ. ಆದರೂ ‘ಸಂಶಯವಿದೆ, ಮಾದರಿಯನ್ನು ಪರೀಕ್ಷೆಗೆ ಕಳಿಸಬೇಕು’ ಎಂದು ಫಾರ್ಮಿನಲ್ಲಿ ಬರೆದೆ.

ಪರೀಕ್ಷೆಯ ವರದಿ ಬರುವ ಹೊತ್ತಿಗೆ ಮಳೆಗಾಲ. ಅಲ್ಲಿಯವರೆಗೆ ಅಕ್ಕನ ಪ್ರಮಾಣಪತ್ರ ತಡೆದು ನಿಂತಿತ್ತು. ಗಂಧಕದ ಸುಳಿವೇ ಇರಲಿಲ್ಲ. ಅಷ್ಟರಲ್ಲಿ ನಮ್ಮ ಮಾಲು ಕೊಳ್ಳುವ ಸೊಲ್ಲಾಪುರ ರಸ್ತೆಯ ಅಂಗಡಿಯವರು ಬೇರೆಯವರ ಸಾವಯವ ಮಾಲು ತುಂಬಿಕೊಂಡಾಗಿತ್ತು. ಅಕ್ಕನ ಮಾಲು ಸಾದಾ ಮಾಲಿನ ಜೊತೆ ಅದೇ ದರಕ್ಕೆ ಹೋಯಿತು. ಅವಳು ಜಗಳಕ್ಕೆ ಬರಲಿಲ್ಲ. ಬಂದಿದ್ದರೆ ನನಗೆ ಹಗುರಾಗುತ್ತಿತ್ತು.

ಮರುವರ್ಷ ನನ್ನ ತೋಟ ನೋಡುವ ಸರದಿ ಅವಳಿಗೆ ಬಂತು. ಆ ವರ್ಷವೇ ನನ್ನ ಕಡೆ ಒಂದು ತಪ್ಪಾಗಿತ್ತು. ಪಕ್ಕದ ತೋಟದವರು ಟ್ರ್ಯಾಕ್ಟರಿನಿಂದ ಔಷಧ ಹೊಡೆದಾಗ ಗಾಳಿಗೆ ಅದು ನಮ್ಮ ಬದುವಿನ ನಾಲ್ಕು ಸಾಲುಗಳ ಮೇಲೆ ಬೀಳುತ್ತದೆ. ಆ ಸಾಲಿನ ಹಣ್ಣನ್ನು ಬೇರೆ ಕೊಯ್ದು, ಬೇರೆ ರ್ಯಾಕಿನಲ್ಲಿ ಒಣಗಿಸಿ, ಸಾದಾ ಮಾಲೆಂದೇ ಮಾರಬೇಕು. ಕೊಯ್ಯಲು ಬಂದವರು ಎಲ್ಲವನ್ನೂ ಬೆರೆಸಿಬಿಟ್ಟರು. ನಾನು ಕಂಡೂ ಸುಮ್ಮನಿದ್ದೆ.

ಅಕ್ಕ ಬಂದು ಶೆಡ್ಡಿನ ಬಾಗಿಲಲ್ಲೇ ಕುಳಿತು ಹೊಟ್ಟೆ ತುಂಬ ಉಂಡಳು. ಕೇಳಿ ಇನ್ನೊಂದು ರೊಟ್ಟಿ ಹಾಕಿಸಿಕೊಂಡಳು. ದ್ರಾಕ್ಷಿ ಸಾಲುಗಳ ಕಡೆ ಕಾಲಿಡಲಿಲ್ಲ. “ಎಲ್ಲಾ ಬರೊಬ್ಬರಿ ಐತಿಲ್ಲೋ?” ಎಂದು ಕೇಳಿದಳು. “ಹೂಂ” ಎಂದೆ. ಸಹಿ ಹಾಕಿ, ಫಾರ್ಮನ್ನು ಚೀಲಕ್ಕಿಳಿಸಿ ಹೊರಟುಹೋದಳು.

ಅಲ್ಲಿಂದ ನನ್ನ ನೆಮ್ಮದಿ ಹಾಳಾಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಗುಂಪಿನವರು ಯಾರು ಫೋನ್ ಮಾಡಿದರೂ ಅದಕ್ಕೇ ಮಾಡಿದ್ದಾರೆ ಎನಿಸುತ್ತಿತ್ತು. ಅವಳೇಕೆ ನೋಡಲಿಲ್ಲ? ನಂಬಿದಳೇ, ಅಥವಾ ಮನಸ್ಸಿನಲ್ಲಿ ಬೇರೇನಾದರೂ ಇಟ್ಟುಕೊಂಡಿದ್ದಾಳೆಯೇ? ತಪ್ಪು ಮಾಡಿದವಳು ನಾನು, ಸಂಶಯ ಮಾತ್ರ ಅವಳ ಮೇಲೆ. ಹನ್ನೊಂದನೆಯ ದಿನ ತಡೆಯಲಾಗದೆ ಫೋನ್ ಮಾಡಿದೆ.

“ಅಕ್ಕಾ, ಬದುವಿನ ನಾಲ್ಕ ಸಾಲಿಂದು ಬ್ಯಾರೆ ಇಟ್ಟಿಲ್ಲ. ಎಲ್ಲಾ ಕೂಡಿಬಿಟ್ಟೈತಿ.”

“ಗೊತ್ತೈತಿ” ಎಂದಳು. “ಉಣ್ಣಾಕ ಕುಂತಾಗ ನಿನ್ನ ಶೆಡ್ಡಿನ ಒಳಗೆಲ್ಲಾ ಕಾಣತಿತ್ತಲ್ಲ. ಬ್ಯಾರೆ ರ್ಯಾಕ್ ಇರಲೇ ಇಲ್ಲ.”

“ಮತ್ತ ಸಹಿ ಯಾಕ ಹಾಕಿದಿ?”

“ಸಹಿ ಹಾಕೇನಿ, ಫಾರ್ಮ್ ಕಳಿಸಿಲ್ಲ. ಕಪಾಟಿನಾಗ ಐತಿ. ನೀ ಹೇಳತೀಯೋ ಇಲ್ಲೋ ನೋಡೂನು ಅಂತ ಕುಂತೆ. ಹನ್ನೊಂದ ದಿನಾ ಬೇಕಾತು ನೋಡ ನಿನಗ.”

ಮರುದಿನ ಬಬಲೇಶ್ವರಕ್ಕೆ ಹೋದೆ. ಅವಳ ಸಹಿಯ ಮೇಲೆ ಖಾಲಿ ಇದ್ದ ಜಾಗದಲ್ಲಿ ನನ್ನ ತಪ್ಪನ್ನು ನನ್ನ ಕೈಯಿಂದಲೇ ಬರೆದುಕೊಟ್ಟೆ. ಆ ವರ್ಷ ಪ್ರಮಾಣಪತ್ರ ಸಿಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಅಕ್ಕ ಕನ್ನಡಕ ಹಾಕಿಕೊಂಡು, ನಾನು ಬರೆದದ್ದನ್ನು ಎರಡು ಸಲ ಓದಿ ನೋಡಿದಳು.