ರಾಹುಕಾಲವಿಲ್ಲದ ಕಂಪ್ಯೂಟರ್

ಹೊಸದಾಗಿ ಕೆಲಸಕ್ಕೆ ಸೇರಿದ ಮರಿಸ್ವಾಮಿ, ಬಿಲ್ಲಿನ ಗುಮಾಸ್ತ ನಂಜುಂಡಯ್ಯನವರನ್ನು ಮೊದಲು ಕಂಡದ್ದು 1999ರ ಶ್ರಾವಣದ ಒಂದು ಬುಧವಾರ, ಅಶೋಕಪುರಂ ಹತ್ತಿರದ ಊದುಬತ್ತಿ ಕಾರ್ಖಾನೆಯ ಬಿಲ್ಲಿನ ಕೋಣೆಯಲ್ಲಿ. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಬರಿಗಾಲು. ಕಂಪ್ಯೂಟರಿಗೆ ಧೂಳು ಆಗಿಬರದು ಎಂದು ಯಾರೋ ಹೇಳಿದ್ದರು. ಅವರು ಅದನ್ನು ಮಡಿ ಎಂದುಕೊಂಡು ಚಪ್ಪಲಿಯನ್ನು ಬಾಗಿಲಾಚೆ ಬಿಟ್ಟಿದ್ದರು.

ಪರದೆಯ ಮೇಲೆ ಇಂಗ್ಲಿಷಿನಲ್ಲೊಂದು ಎಚ್ಚರಿಕೆ ಬಂತು: ಬಿಲ್ಲಿನ ಹೊತ್ತನ್ನು ಕೈಯಲ್ಲಿ ತುಂಬುವ ಸೌಲಭ್ಯವನ್ನು ಮುಂದಿನ ಆವೃತ್ತಿಯಲ್ಲಿ ತೆಗೆಯಲಾಗುವುದು. ನಂಜುಂಡಯ್ಯ ಓದದೆಯೇ ಎಂಟರ್ ಒತ್ತಿದರು.

“ಏನೋ ತೆಗೀತಾರಂತಲ್ಲ ಸಾರ್?”

“ಮೂರು ವರ್ಷದಿಂದ ಅಂಗೇ ಅಂತದೆ ಕಣಯ್ಯ. ಇವತ್ತೋ ನಾಳೆಯೋ ಸಾಯ್ತೀನಿ ಅಂತ ನಮ್ಮತ್ತೆಯೂ ಅಂತಾರೆ. ಒತ್ತಿ ಮುಂದಕ್ಕೆ ಹೋಗು.”

ಮರಿಸ್ವಾಮಿ ಬನ್ನೂರು ಕಡೆಯ ರೈತರ ಮನೆಯಲ್ಲಿ ಮೊದಲು ಡಿಗ್ರಿ ಮಾಡಿದವನು. ಹೊಸ ಇಸವಿಯೊಳಗೆ ಅವನು ಕೂರಿಸುವ ಹೊಸ ಸಾಫ್ಟ್‌ವೇರ್ ಸುಸೂತ್ರವಾಗಿ ನಡೆದರೆ ಕೆಲಸ ಕಾಯಂ, ಇಲ್ಲದಿದ್ದರೆ ಊರಿಗೆ ಎಂದು ಮಾಲೀಕರಾದ ಮಹದೇವಪ್ರಸಾದ್ ಹೇಳಿದ್ದರು. ಹೊಸದರಲ್ಲಿ ಇರದ ಸೌಲಭ್ಯಗಳ ಪಟ್ಟಿಯನ್ನು ಅವನು ಶ್ರದ್ಧೆಯಿಂದ ಓದಿ, ಮಾಲೀಕರ ಮುಂದೆಯೇ ಒಂದೊಂದಾಗಿ ವಿಚಾರಿಸಿದ.

“ಬಿಲ್ಲಿನ ಹೊತ್ತು ಕೈಯಲ್ಲಿ ಹಾಕೋದು ಬಳಸ್ತೀರಾ ಸಾರ್?”

“ಛೆ, ಯಾವತ್ತೂ ಇಲ್ಲ,” ಎಂದರು ನಂಜುಂಡಯ್ಯ.

ರಾಹುಕಾಲದಲ್ಲಿ ಬಿಲ್ಲು ಹಾಕಬಾರದೆಂಬುದು ಮಾಲೀಕರ ಅಪ್ಪಣೆ. ಮಂಗಳವಾರದ ಲಾರಿಯೋ ನಾಲ್ಕಕ್ಕೆ, ರಾಹುಕಾಲದ ನಟ್ಟನಡುವೆಯೇ ಹೊರಡಬೇಕು. ನಂಜುಂಡಯ್ಯ ಬಿಲ್ಲಿನಲ್ಲಿ ಎರಡೂ ಮುಕ್ಕಾಲು ಎಂದು ತುಂಬುತ್ತಿದ್ದರು. ಲಾರಿಯೂ ಹೋಗುತ್ತಿತ್ತು, ರಾಹುವೂ ಸುಮ್ಮನಿರುತ್ತಿದ್ದ. ಇದನ್ನು ಮಾಲೀಕರೆದುರು ಒಪ್ಪಿಕೊಳ್ಳುವುದುಂಟೆ?

ಹೊಸ ಸಾಫ್ಟ್‌ವೇರ್ ಹೊತ್ತನ್ನು ಕಂಪ್ಯೂಟರಿನ ಗಡಿಯಾರದಿಂದಲೇ ತೆಗೆದುಕೊಂಡಿತು. ಮೊದಲ ಮಂಗಳವಾರವೇ ಬಿಲ್ಲು ಮೂರೂ ಮುಕ್ಕಾಲು ಎಂದು ಅಚ್ಚಾಗಿ ಬಂತು. ಸಂಜೆ ಬಿಲ್ಲುಗಳೆಲ್ಲ ಮಾಲೀಕರ ಮೇಜಿಗೆ ಹೋಗುತ್ತವೆ.

“ಅವತ್ತೇ ಹೇಳಬಾರದಿತ್ತಾ ಸಾರ್?”

“ಅವರ ಮುಂದೆ ಕೇಳಿದ್ಯಲ್ಲೋ ಪುಣ್ಯಾತ್ಮ. ಬೀಡಿ ಸೇದ್ತೀರಾ ಅಂತ ಹೆಂಡ್ತಿ ಎದುರಿಗೆ ಯಾರಾದ್ರೂ ಕೇಳ್ತಾರಾ?”

“ನನ್ನ ಕೆಲಸ ಹೋಯ್ತದೆ ಸಾರ್.”

ನಂಜುಂಡಯ್ಯ ಪರದೆಯ ಮೂಲೆಯನ್ನೇ ನೋಡಿದರು. “ಈ ಗಡಿಯಾರಾನೇ ಹಿಂದಕ್ಕೆ ತಿರುಗಿಸೋಕಾಗಲ್ವಾ?”

ಆಗುತ್ತಿತ್ತು. ಆ ಬಿಲ್ಲನ್ನು ರದ್ದು ಮಾಡಿ, ಗಡಿಯಾರ ಹಿಂದಿಟ್ಟು, ಬೇರೆ ಬಿಲ್ಲು ಹಾಕಿದರು. ಅಂದಿನಿಂದ ದಿನವೂ ರಾಹುಕಾಲ ಬರುತ್ತಲೇ ಗಡಿಯಾರ ಒಂದೂವರೆ ಗಂಟೆ ಹಿಂದಕ್ಕೆ ಹೋಗಿ, ಮುಗಿಯುತ್ತಲೇ ಸರಿಯಾಗುತ್ತಿತ್ತು.

ಕೆಲಸಗಾರರ ಹಾಜರಿಯೂ ಅದೇ ಕಂಪ್ಯೂಟರಿನಲ್ಲಿತ್ತು. ಸೋಮವಾರದ ರಾಹುಕಾಲ ಬೆಳಿಗ್ಗೆಯೇ, ಏಳೂವರೆಯಿಂದ ಒಂಬತ್ತು. ಎಂಟರ ಪಾಳಿಗೆ ಎಂಟೂವರೆಗೆ ಬಂದವರೂ ಏಳಕ್ಕೇ ಬಂದವರಾದರು. ಸುದ್ದಿ ಹಬ್ಬಿ, ಸೋಮವಾರ ಮನೆಯಲ್ಲೇ ನಿಧಾನವಾಗಿ ತಿಂಡಿ ತಿಂದು ಬರುವುದು ರೂಢಿಯಾಯಿತು.

ಡಿಸೆಂಬರಿನಲ್ಲಿ ವರದಿ ನೋಡಿ ಮಹದೇವಪ್ರಸಾದ್ ಹಿಗ್ಗಿದರು. ರಾಹುಕಾಲದಲ್ಲಿ ಒಂದೂ ಬಿಲ್ಲಿಲ್ಲ. ಸೋಮವಾರ ಒಬ್ಬರೂ ತಡವಿಲ್ಲ.

“ಈ ಸಾಫ್ಟ್‌ವೇರ್ ಜನಕ್ಕೆ ಶಿಸ್ತು ಕಲಿಸ್ಬುಡ್ತು ಕಣ್ರೀ,” ಎಂದು ಮರಿಸ್ವಾಮಿಯನ್ನು ಕಾಯಂ ಮಾಡಿದರು.

ನಂಜುಂಡಯ್ಯ ನಿವೃತ್ತರಾದಾಗ ಮಾಲೀಕರು ಅವರನ್ನು ಶಿಸ್ತಿನ ಸಲಹೆಗಾರರೆಂದು ಉಳಿಸಿಕೊಂಡರು. ಈಗ ಅವರು ಸೋಮವಾರ ಬೆಳಿಗ್ಗೆ, ಕೆಲಸಗಾರರು ಬರುವ ಮೊದಲೇ ಚಾಮರಾಜಪುರಂನಿಂದ ಬಂದು, ಗಡಿಯಾರ ಹಿಂದಕ್ಕಿಟ್ಟು, ಕಾಫಿ ಕುಡಿದು ಮನೆಗೆ ಹೋಗುತ್ತಾರೆ.